ತಲೆಯೊಳಗೆ ರಕ್ತಸ್ರಾವವಾದ ಮಗುವಿನ ಚೇತರಿಕೆ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ಮೆಟ್ಟಿಲಿನಿಂದಲೋ ಸ್ಕೂಟರಿನಿಂದಲೋ ಬಿದ್ದ ಮಗು ಸ್ವಲ್ಪ ಹೊತ್ತು ಅತ್ತು ಮತ್ತೆ ಆಟಕ್ಕಿಳಿದರೆ ಮನೆಯವರು ನಿರಾಳರಾಗುತ್ತಾರೆ. ಆದರೆ ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಸೋರುತ್ತಿದ್ದರೆ, ಕೆಲವು ಗಂಟೆ ಚೆನ್ನಾಗಿಯೇ ಇದ್ದ ಮಗು ಏಕಾಏಕಿ ಮಂಪರಿಗೆ ಜಾರಬಹುದು. ಮೆದುಳಿಗೆ ಬೇರೆ ಪೆಟ್ಟಾಗಿರದೆ, ಪ್ರಜ್ಞೆ ತಪ್ಪುವ ಮೊದಲೇ ಚಿಕಿತ್ಸೆ ಸಿಕ್ಕರೆ, ಇಂತಹ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಆದ್ದರಿಂದ ಪದೇ ಪದೇ ವಾಂತಿ, ಹೆಚ್ಚುತ್ತಲೇ ಇರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ, ಕಿವಿ ಅಥವಾ ಮೂಗಿನಿಂದ ನೀರಿನಂತಹ ಸ್ರಾವ, ಕೂಸಾದರೆ ಉಬ್ಬಿದ ನೆತ್ತಿ ಅಥವಾ ಹಾಲು ಒಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಮೆದುಳಿನ ಚಿಕಿತ್ಸೆಗೆ ಹೆಸರಾದದ್ದು ನಿಜ. ಆದರೂ ಉಸಿರಾಟ ಏರುಪೇರಾದ ಮಗುವನ್ನು ಸಂಜೆಯ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಕೊಂಡೊಯ್ಯುವುದಕ್ಕಿಂತ, ಆಮ್ಲಜನಕ ಕೊಡಬಲ್ಲ ಹತ್ತಿರದ ಆಸ್ಪತ್ರೆಗೆ ಮೊದಲು ಸೇರಿಸುವುದೇ ಸರಿ. ಆಮ್ಲಜನಕದ ಕೊರತೆಯೂ ರಕ್ತದೊತ್ತಡದ ಕುಸಿತವೂ ಪೆಟ್ಟು ತಿಂದ ಮೆದುಳಿಗೆ ಎರಡನೆಯ ಹಾನಿ ಮಾಡುತ್ತವೆ.

ಹೊರಡುವಾಗ ಒಂದು ಚೀಟಿಯಲ್ಲಿ ಬಿದ್ದ ಸಮಯ, ಎತ್ತರ, ಎಷ್ಟು ಹೊತ್ತು ಎಚ್ಚರ ತಪ್ಪಿತ್ತು, ವಾಂತಿಯಾದ ಹೊತ್ತು, ಕೊಟ್ಟ ಔಷಧ ಇಷ್ಟನ್ನೂ ಬರೆದುಕೊಳ್ಳಿ. ಹಿಮೋಫಿಲಿಯಾದಂತಹ ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ ಅದನ್ನು ಮೊದಲೇ ಹೇಳಿ. ವೈದ್ಯರು ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವೆಂದರ್ಥ. ಈ ಅಂಕದ ಜೊತೆಗೆ ಬೆಳಕಿಗೆ ಪಾಪೆಗಳು ಕುಗ್ಗುತ್ತವೆಯೇ, ಸಿ.ಟಿ. ಸ್ಕ್ಯಾನಿನಲ್ಲಿ ರಕ್ತ ಎಲ್ಲಿ, ಎಷ್ಟಿದೆ, ಮೆದುಳು ಊದಿಕೊಂಡಿದೆಯೇ ಎಂಬುದರ ಮೇಲೆ ಮುಂದಿನ ಅಂದಾಜು ನಿಲ್ಲುತ್ತದೆ.

ಎಳೆಯ ಮೆದುಳು ತಾನಾಗಿಯೇ ಸರಿಹೋಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಇನ್ನೂ ಕಲಿಯದ ಕೌಶಲಗಳಿಗೇ ಪೆಟ್ಟು ಬೀಳುವುದರಿಂದ, ಗಮನ ಮತ್ತು ನೆನಪಿನ ತೊಂದರೆ ವರ್ಷಗಳ ನಂತರ, ಪಾಠ ಕಠಿಣವಾದಾಗ ಎದ್ದು ಕಾಣಬಹುದು. ಡಿಸ್ಚಾರ್ಜ್ ಆದ ಮೇಲೆ ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿಯನ್ನು ತಪ್ಪಿಸಬೇಡಿ. ವೈದ್ಯರು ಒಪ್ಪುವವರೆಗೆ ಸೈಕಲ್, ಕ್ರಿಕೆಟ್ ಬೇಡ. ಶಾಲೆಗೆ ಮೊದಲು ಅರ್ಧ ದಿನ ಕಳುಹಿಸಿ, ಮಗು ಬೇಗ ದಣಿಯುತ್ತದೆಂದು ತರಗತಿಯ ಟೀಚರಿಗೆ ತಿಳಿಸಿ. ಅವರು ಗಮನಿಸಿದ ಬದಲಾವಣೆಗಳನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಹೇಳಿ.