ಲಾಟ್ವಿಯಾ ಮೂಲದವರು, ಒಕಿನಾವಾ ಮೂಲದವರು: ಯಾರ ಬದುಕು ಎಷ್ಟು ಹಸನಾಗಿದೆ ಅಂತ ಸರಿಯಾಗಿ ಹೋಲಿಸೋದು ಹೇಗೆ

ಎರಡು ವಲಸೆ ಸಮುದಾಯಗಳಲ್ಲಿ ಯಾರು ಚೆನ್ನಾಗಿದ್ದಾರೆ ಅಂತ ತಿಳಿಯಬೇಕಾದರೆ ಹೆಚ್ಚಿನವರು ಸೀದಾ ಆದಾಯದ ಪಟ್ಟಿಗೆ ಹೋಗುತ್ತಾರೆ. ಇವರದು ಇಷ್ಟು, ಅವರದು ಅಷ್ಟು, ಮುಗೀತು. ಯುರೋಪಿನ ಸಣ್ಣ ದೇಶ ಲಾಟ್ವಿಯಾ ಮೂಲದವರನ್ನೂ ಜಪಾನಿನ ದಕ್ಷಿಣ ತುದಿಯ ದ್ವೀಪ ಒಕಿನಾವಾ ಮೂಲದವರನ್ನೂ ಹೀಗೆ ಅಕ್ಕಪಕ್ಕ ನಿಲ್ಲಿಸಿದರೆ ಒಂದು ಉತ್ತರವೇನೋ ಸಿಗುತ್ತದೆ, ಆದರೆ ಅದು ತಪ್ಪಾಗಿರುವ ಸಾಧ್ಯತೆಯೇ ಜಾಸ್ತಿ. ಆದಾಯ ನೋಡುವ ಮೊದಲು ಯಾರನ್ನು ಎಣಿಸಿದ್ದಾರೆ, ಯಾರು ಎಣಿಕೆಯಿಂದ ಜಾರಿ ಹೋಗಿದ್ದಾರೆ ಅಂತ ನೋಡಬೇಕು. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಭಾಗ ಅಲ್ಲೇ ಇದೆ.

ಈ ಎರಡು ಸಮುದಾಯಗಳನ್ನೇ ಯಾಕೆ ಆರಿಸಿಕೊಳ್ಳಬೇಕು ಅಂದರೆ, ಇಬ್ಬರದ್ದೂ ದೊಡ್ಡ ಹೆಸರಿನ ಒಳಗೆ ಮುಳುಗಿ ಹೋದ ಕಥೆ. ಲಾಟ್ವಿಯಾದವರು ಹೋದಲ್ಲೆಲ್ಲ 'ಬಿಳಿಯರು' ಆದರು, ಒಕಿನಾವಾದವರು 'ಜಪಾನಿಗಳು' ಆದರು. ಒಕಿನಾವಾ 1879ರವರೆಗೆ ರ್‍ಯೂಕ್ಯೂ ಅನ್ನೋ ಬೇರೆ ರಾಜ್ಯವಾಗಿತ್ತು, ಅಲ್ಲಿನ ಭಾಷೆ ಬೇರೆ, ಊಟ ಬೇರೆ. ಹವಾಯಿಗೆ ಹೋದ ಮೇಲೂ ಜಪಾನಿನ ಮುಖ್ಯ ದ್ವೀಪಗಳಿಂದ ಬಂದವರು ಇವರನ್ನು ಕೀಳಾಗಿಯೇ ಕಂಡರು. ಇಬ್ಬರೂ ಅಮೆರಿಕದಲ್ಲೂ ಇದ್ದಾರೆ, ಬ್ರೆಜಿಲ್‌ನಲ್ಲೂ ಇದ್ದಾರೆ. ಹಾಗಾಗಿ ಹೋಲಿಸಲು ಒಂದೇ ನೆಲ ಸಿಗುತ್ತದೆ.

ಇಲ್ಲೇ ಮೊದಲ ನಿಯಮ ಹೇಳಿಬಿಡುತ್ತೇನೆ. ಒಂದು ದೇಶ ಆರಿಸಿಕೊಳ್ಳಿ. ಹವಾಯಿಯ ಒಕಿನಾವಾದವರನ್ನು ಬ್ರೆಜಿಲ್‌ನ ಲಾಟ್ವಿಯಾದವರ ಜೊತೆ ಹೋಲಿಸಿದರೆ ನೀವು ಸಮುದಾಯಗಳನ್ನಲ್ಲ, ಎರಡು ದೇಶಗಳ ಸಂಬಳವನ್ನು ಹೋಲಿಸುತ್ತಿದ್ದೀರಿ ಅಷ್ಟೆ. ಶುರುಮಾಡುವವರಿಗೆ ಅಮೆರಿಕ ಸುಲಭ, ಯಾಕೆಂದರೆ ಅಲ್ಲಿ ಅಂಕಿಅಂಶ ಪುಕ್ಕಟೆಯಾಗಿ ಸಿಗುತ್ತದೆ.

ಫಾರಂ ಹೇಗಿದೆ ಅಂತ ನೋಡಿ

ಅಮೆರಿಕದ ಜನಗಣತಿ ಫಾರಂ ತೆಗೆದು ಜನಾಂಗದ ಪ್ರಶ್ನೆ ಓದಿ. ಚೈನೀಸ್, ಜಪಾನೀಸ್, ಫಿಲಿಪಿನೋ, ಏಷ್ಯನ್ ಇಂಡಿಯನ್ ಅಂತ ಸಿದ್ಧ ಚೌಕಗಳಿವೆ, ಟಿಕ್ ಹಾಕಿದರೆ ಆಯಿತು. ಒಕಿನಾವನ್ ಅನ್ನೋ ಚೌಕ ಇಲ್ಲ. ಹಾಗೆ ಹೇಳಿಕೊಳ್ಳಬೇಕು ಅಂದರೆ 'ಇತರ ಏಷ್ಯನ್' ಆರಿಸಿ ಪಕ್ಕದ ಖಾಲಿ ಜಾಗದಲ್ಲಿ ಕೈಯಾರೆ ಬರೆಯಬೇಕು. ಕಣ್ಣೆದುರಿಗೇ ಜಪಾನೀಸ್ ಅನ್ನೋ ಚೌಕ ಇರುವಾಗ ಎಷ್ಟು ಜನ ಆ ಕಷ್ಟ ತಗೊಳ್ತಾರೆ? 2010ರ ಗಣತಿಯಲ್ಲಿ ಇಡೀ ಅಮೆರಿಕದಲ್ಲಿ ಒಕಿನಾವನ್ ಅಂತ ದಾಖಲಾದವರು, ಮಿಶ್ರ ಮೂಲದವರೂ ಸೇರಿ, ಸುಮಾರು 11 ಸಾವಿರ. ಆದರೆ ಹವಾಯಿ ಒಂದರಲ್ಲೇ ಅವರು 45 ಸಾವಿರಕ್ಕೂ ಜಾಸ್ತಿ ಇದ್ದಾರೆ ಅನ್ನುವುದು ಅಲ್ಲಿನ ಸಮುದಾಯದವರ ಅಂದಾಜು. ಉಳಿದವರೆಲ್ಲ ಎಲ್ಲಿ ಹೋದರು? ಜಪಾನೀಸ್ ಚೌಕದೊಳಗೆ. ಅಮೆರಿಕದಲ್ಲಿರುವ ನಮ್ಮವರದೂ ಇದೇ ಕಥೆ ಅಲ್ವಾ. ದಾವಣಗೆರೆಯಿಂದ ಹೋದವರೂ ಲುಧಿಯಾನಾದಿಂದ ಹೋದವರೂ ಅಲ್ಲಿ ಏಷ್ಯನ್ ಇಂಡಿಯನ್ ಅನ್ನೋ ಒಂದೇ ಚೌಕ.

ಕೈಯಾರೆ ಬರೆದ ಆ 11 ಸಾವಿರ ಜನ ಉಳಿದವರ ಹಾಗೇ ಇರುತ್ತಾರೆ ಅಂತ ಭಾವಿಸಬೇಡಿ. ತಮ್ಮ ಮೂಲದ ಬಗ್ಗೆ ಗಟ್ಟಿ ಅಭಿಮಾನ ಇರುವವರು, ಸಂಘದಲ್ಲಿ ಓಡಾಡುವವರು ಅವರಲ್ಲಿ ಜಾಸ್ತಿ ಇರಬಹುದು. ಅವರ ಆದಾಯವನ್ನು ಇಡೀ ಸಮುದಾಯದ ಆದಾಯ ಅಂತ ಬರೆದುಬಿಟ್ಟರೆ ತಪ್ಪಾಗುತ್ತದೆ.

ಲಾಟ್ವಿಯಾ ಕಡೆ ತೊಡಕು ಉಲ್ಟಾ. 2000ದ ಗಣತಿಯಲ್ಲಿ ಸುಮಾರು 87 ಸಾವಿರ ಜನ ತಮ್ಮ ಮೂಲ ಲಾಟ್ವಿಯನ್ ಅಂತ ಬರೆದರು. ಇವರೆಲ್ಲ ಒಂದೇ ಗುಂಪಲ್ಲ. 1900ರ ಆಸುಪಾಸಿನಲ್ಲಿ ಬಂದವರಿದ್ದಾರೆ, ರಷ್ಯಾ ಸಾಮ್ರಾಜ್ಯದಲ್ಲಿ ನಡೆದ 1905ರ ಕ್ರಾಂತಿ ಸೋತ ಮೇಲೆ ಓಡಿಬಂದ ಸಮಾಜವಾದಿಗಳಿದ್ದಾರೆ, ಎರಡನೇ ಮಹಾಯುದ್ಧದ ನಿರಾಶ್ರಿತರಿದ್ದಾರೆ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಬಂದವರಿದ್ದಾರೆ. ಅಲ್ಲಿಂದ ಬಂದ ಯಹೂದಿ ಕುಟುಂಬಗಳೂ ಇವೆ. ಚಿತ್ರಕಾರ ಮಾರ್ಕ್ ರಾತ್ಕೊ ಹುಟ್ಟಿದ್ದು 1903ರಲ್ಲಿ, ಈಗ ಲಾಟ್ವಿಯಾದಲ್ಲಿರುವ ದೌಗವ್‌ಪಿಲ್ಸ್ ಊರಿನಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದ ದ್ವಿನ್ಸ್ಕ್. ಅಂಥ ಮನೆಯವರ ಮೊಮ್ಮಕ್ಕಳು ಫಾರಂನಲ್ಲಿ ಏನು ಬರೀತಾರೆ? ಒಬ್ಬರು ಲಾಟ್ವಿಯನ್ ಅಂತಾರೆ, ಇನ್ನೊಬ್ಬರು ರಷ್ಯನ್ ಅಂತಾರೆ. ಯಾರನ್ನು ಸೇರಿಸುತ್ತೀರಿ ಅಂತ ನೀವೇ ಮೊದಲು ನಿರ್ಧರಿಸಿ, ಒಂದು ಸಾಲಿನಲ್ಲಿ ಬರೆದಿಡಿ. ಆಮೇಲೆ ಅಂಕಿ ನೋಡಿ ಮನಸ್ಸು ಬದಲಾಯಿಸಬೇಡಿ.

ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಈಗ ಆದಾಯದ ಪ್ರಶ್ನೆಯೇ ಇಲ್ಲ. ಅದಕ್ಕೆ ಪ್ರತಿ ವರ್ಷ ನಡೆಯುವ ಅಮೆರಿಕನ್ ಕಮ್ಯುನಿಟಿ ಸರ್ವೆಗೆ ಹೋಗಬೇಕು. ಅದರಲ್ಲಿ ಜನಾಂಗದ ಪ್ರಶ್ನೆ ಬೇರೆ, ಪೂರ್ವಜರ ಮೂಲದ ಪ್ರಶ್ನೆ ಬೇರೆ. ಮೂಲದ ಪ್ರಶ್ನೆಗೆ ಎಲ್ಲರೂ ಕೈಯಾರೆ ಬರೆಯಬೇಕು, ಹೆಚ್ಚೆಂದರೆ ಎರಡು ಉತ್ತರ ದಾಖಲಾಗುತ್ತದೆ. ಅಲ್ಲಿ ಲಾಟ್ವಿಯನ್‌ಗೂ ಒಕಿನಾವನ್‌ಗೂ ಪ್ರತ್ಯೇಕ ಕೋಡ್ ಇದೆ. ಇಬ್ಬರನ್ನೂ ಇದೇ ಪ್ರಶ್ನೆಯಿಂದ ತೆಗೆಯಿರಿ. ಒಬ್ಬರನ್ನು ಜನಾಂಗದಿಂದ, ಇನ್ನೊಬ್ಬರನ್ನು ಮೂಲದಿಂದ ತೆಗೆದರೆ ಅಳತೆಗೋಲೇ ಬೇರೆಯಾಗುತ್ತದೆ. ಒಂದು ವರ್ಷದ ಮಾದರಿಯಲ್ಲಿ ಒಕಿನಾವನ್ ಅಂತ ಬರೆದವರು ಬೆರಳೆಣಿಕೆಯಷ್ಟು ಇರುವುದರಿಂದ 5 ವರ್ಷಗಳ ಒಟ್ಟು ಫೈಲ್ ತಗೊಳ್ಳಿ.

ಬಂದಾಗ ಕೈಯಲ್ಲಿ ಏನಿತ್ತು

1900ರ ಜನವರಿಯಲ್ಲಿ 26 ಜನ ಒಕಿನಾವಾದಿಂದ ಹೊನೊಲುಲುವಿಗೆ ಬಂದಿಳಿದರು. ಇವರನ್ನು ಕಳಿಸಲು ಓಡಾಡಿದವರು ತೋಯಾಮಾ ಕ್ಯೂಜೋ. ಬಂದವರು ಎವಾ ಕಬ್ಬಿನ ತೋಟಕ್ಕೆ ಕೂಲಿಗೆ ಹೋದರು. ಅವರ ಹಿಂದೆ ಸಾವಿರಾರು ಜನ ಬಂದರು, 1924ರ ಅಮೆರಿಕದ ವಲಸೆ ಕಾನೂನು ಬಾಗಿಲು ಮುಚ್ಚುವವರೆಗೆ. ಕಬ್ಬಿನಿಂದ ಬಿಡಿಸಿಕೊಂಡವರಲ್ಲಿ ಹಲವರು ಹಂದಿ ಸಾಕಿದರು. ಮನೆ ಮನೆ, ಹೋಟೆಲು ಹೋಟೆಲು ತಿರುಗಿ ಮುಸುರೆ ಡಬ್ಬ ಹೊತ್ತು ತರುತ್ತಿದ್ದರು, ಅದನ್ನು ಕುದಿಸಿ ಹಂದಿಗೆ ಹಾಕುತ್ತಿದ್ದರು, ಮಕ್ಕಳು ಶಾಲೆ ಬಿಟ್ಟ ಮೇಲೆ ಇದೇ ಕೆಲಸಕ್ಕೆ ಹೋಗುತ್ತಿದ್ದರು, ಅದಕ್ಕೇ ಬೇರೆ ಜಪಾನಿ ಮಕ್ಕಳು ಇವರನ್ನು ಹಂದಿ ಕೂಳಿನವರು ಅಂತ ಹಂಗಿಸುತ್ತಿದ್ದರು. ಮುಂದೆ ಹೊನೊಲುಲುವಿನ ಎಷ್ಟೋ ಹೋಟೆಲುಗಳು ಒಕಿನಾವಾದವರ ಕೈಗೆ ಬಂದವು, ಅದರಲ್ಲೂ ಒರೊಕು ಅನ್ನೋ ಒಂದೇ ಊರಿನವರ ಕೈಗೆ. 2014ರಲ್ಲಿ ಒಕಿನಾವಾ ಮೂಲದ ಡೇವಿಡ್ ಇಗೆ ಹವಾಯಿಯ ಗವರ್ನರ್ ಆಗಿ ಆಯ್ಕೆಯಾದರು.

ಲಾಟ್ವಿಯಾದವರ ದೊಡ್ಡ ಅಲೆ ಬಂದಿದ್ದು 1949ರ ನಂತರ. ಸೋವಿಯತ್ ಸೈನ್ಯ ಮತ್ತೆ ಬರುತ್ತಿದೆ ಅಂತ ಓಡಿ, ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕೂತು, ನಿರಾಶ್ರಿತರಿಗಾಗಿ ಅಮೆರಿಕ ಮಾಡಿದ 1948ರ ಕಾನೂನಿನ ಅಡಿ ಸುಮಾರು 40 ಸಾವಿರ ಜನ ಅಮೆರಿಕ ಸೇರಿದರು. ಕೈಯಲ್ಲಿ ಕಾಸಿರಲಿಲ್ಲ. ಆದರೆ ಅವರಲ್ಲಿ ವಕೀಲರು, ಡಾಕ್ಟರುಗಳು, ಮೇಷ್ಟ್ರುಗಳು ಬಹಳ ಜನ. ಕೆಲಸ, ಮನೆ ಕೊಡುತ್ತೇವೆ ಅಂತ ಬರೆದುಕೊಟ್ಟವರ ಹತ್ತಿರ ಹೋಗಬೇಕಿತ್ತು, ಹಾಗಾಗಿ ಓದಿದವರೂ ಹತ್ತಿ ಹೊಲಕ್ಕೆ, ಕಾರ್ಖಾನೆಗೆ ಇಳಿದರು.

ಈಗ ಯೋಚನೆ ಮಾಡಿ. 1950ರಲ್ಲಿ ನೆಲ ಒರೆಸುತ್ತಿದ್ದ ವಕೀಲನ ಕೂಲಿಯನ್ನು ನೋಡಿ ಅವನನ್ನು ಬಡವ ಅಂತ ಬರೆದರೆ ಅರ್ಧ ಮಾತ್ರ ನಿಜ. ಅವನ ಮಗಳು ಕಾಲೇಜಿಗೆ ಹೋಗಿಯೇ ಹೋಗುತ್ತಾಳೆ, ಆ ಮನೆಯಲ್ಲಿ ಅದರ ಬಗ್ಗೆ ಚರ್ಚೆಯೇ ನಡೆಯುವುದಿಲ್ಲ. ಕಬ್ಬು ಕಡಿಯಲು ಬಂದವನ ಮನೆಯಲ್ಲಿ ಆ ಹೆಜ್ಜೆಗೆ ಎರಡು ತಲೆಮಾರು ಬೇಕಾಗಬಹುದು. ಆದ್ದರಿಂದ ಇವತ್ತಿನ ಆದಾಯದ ಜೊತೆಗೆ ಎಲ್ಲಿಂದ ಶುರುವಾಗಿ ಎಷ್ಟು ದೂರ ಬಂದರು ಅನ್ನೋ ಇನ್ನೊಂದು ಕಾಲಂ ಹಾಕಿ. ನನಗೆ ಕೇಳಿದರೆ ಎರಡನೇ ಕಾಲಮ್ಮೇ ಮುಖ್ಯ.

ಲೆಕ್ಕ

ಮೊದಲು ವಯಸ್ಸು. ಹವಾಯಿಯ ಒಕಿನಾವಾ ಮೂಲದವರು ಈಗ ನಾಲ್ಕನೇ, ಐದನೇ ತಲೆಮಾರು. ಯುದ್ಧದ ನಂತರ ಬಂದ ಲಾಟ್ವಿಯಾದವರದು ಎರಡು, ಮೂರು. ರಿಟೈರ್ ಆದವರು ಜಾಸ್ತಿ ಇರುವ ಗುಂಪಿನಲ್ಲಿ ಆದಾಯ ಕಡಿಮೆ ಕಾಣುತ್ತದೆ, ಸ್ವಂತ ಮನೆ ಸಾಲ ತೀರಿ ನಿಂತಿದ್ದರೂ. ಹಾಗಾಗಿ 25ರಿಂದ 54 ವಯಸ್ಸಿನ, ಅಮೆರಿಕದಲ್ಲೇ ಹುಟ್ಟಿದವರನ್ನು ಮಾತ್ರ ತೆಗೆದು ಒಂದು ಸಲ ಹೋಲಿಸಿ. ಸರಾಸರಿ ಬೇಡ, ಮೀಡಿಯನ್ ತಗೊಳ್ಳಿ: ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟ ನಡುವೆ ನಿಂತವರ ಆದಾಯ. ಸರಾಸರಿಯನ್ನು ನಾಲ್ಕು ಜನ ಕೋಟ್ಯಧೀಶರು ಎಳೆದುಬಿಡುತ್ತಾರೆ.

ಆಮೇಲೆ ಒಂದು ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಅನ್ನುವುದು. ಹವಾಯಿಯಲ್ಲಿ ಮನೆ ಬಾಡಿಗೆ ವಿಪರೀತ, ಅಜ್ಜ ಅಜ್ಜಿ ಮೊಮ್ಮಕ್ಕಳು ಒಂದೇ ಸೂರಿನಡಿ ಇರುವುದು ಸಾಮಾನ್ಯ. ಸುಮ್ನೆ ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ಮನೆಯಲ್ಲಿ 2 ಜನ, ವರ್ಷಕ್ಕೆ 90,000 ಡಾಲರ್. ಇನ್ನೊಂದರಲ್ಲಿ 5 ಜನ, 1,20,000 ಡಾಲರ್. ಮೇಲ್ನೋಟಕ್ಕೆ ಎರಡನೇ ಮನೆ ಮುಂದು. ಆದಾಯವನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಮೊದಲ ಮನೆಗೆ 90,000 ಭಾಗಿಸು 1.41, ಸುಮಾರು 63,600. ಎರಡನೆಯದಕ್ಕೆ 1,20,000 ಭಾಗಿಸು 2.24, ಸುಮಾರು 53,700. ಕ್ರಮ ತಲೆಕೆಳಗಾಯಿತು. ತಲೆ ಎಣಿಸಿ ಸೀದಾ ಭಾಗಿಸುವುದಿಲ್ಲ ಯಾಕೆ ಅಂದರೆ ಐದು ಜನರಿಗೆ ಐದು ಫ್ರಿಜ್ ಬೇಕಾಗುವುದಿಲ್ಲ, ಒಲೆಯೂ ಸೂರೂ ಎಲ್ಲರಿಗೂ ಒಂದೇ.

ಬೆಲೆಯನ್ನೂ ಮರೆಯಬೇಡಿ. ಲಾಟ್ವಿಯಾ ಮೂಲದವರು ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಮ್ಯಾಸಚೂಸೆಟ್ಸ್ ಅಂತ ಚದುರಿದ್ದಾರೆ. ಒಕಿನಾವಾದವರು ಹವಾಯಿಯಲ್ಲಿ ಗುಂಪಾಗಿದ್ದಾರೆ, ಅದು ಅಮೆರಿಕದ ಅತಿ ದುಬಾರಿ ರಾಜ್ಯಗಳಲ್ಲಿ ಒಂದು. ರಾಜ್ಯವಾರು ಬೆಲೆ ಸೂಚ್ಯಂಕವನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ, ಇಡೀ ದೇಶಕ್ಕೆ 100 ಅಂತ ಹಿಡಿದು. ಆದಾಯವನ್ನು ಅದರಿಂದ ಸರಿಪಡಿಸಿ. ಅದು ಕಷ್ಟ ಅನ್ನಿಸಿದರೆ ಪ್ರತಿ ಗುಂಪನ್ನು ಅದೇ ರಾಜ್ಯದ ಒಟ್ಟು ಮೀಡಿಯನ್ ಜೊತೆ ಹೋಲಿಸಿದರೂ ಸಾಕು.

ಕೊನೆಗೆ ತಪ್ಪಿನ ಅಂತರ. ಸರ್ವೆಯ ಪ್ರತಿ ಅಂಕಿಯ ಪಕ್ಕ ಹೆಚ್ಚು ಕಡಿಮೆ ಇಷ್ಟು ಅಂತ ಇರುತ್ತದೆ, ಅದನ್ನು ಬಿಟ್ಟು ಓದುವುದು ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು. ಮತ್ತೆ ಉದಾಹರಣೆಗೆ ಮಾತ್ರ: ಒಂದು ಗುಂಪಿನದು 82,000, ಅಂತರ 6,000. ಇನ್ನೊಂದರದು 75,000, ಅಂತರ 5,000. ವ್ಯತ್ಯಾಸ 7,000. ಎರಡೂ ಅಂತರಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 7,800. ವ್ಯತ್ಯಾಸ ಅದಕ್ಕಿಂತ ಕಡಿಮೆ ಇದೆ, ಹಾಗಾಗಿ ಯಾರು ಮುಂದೆ ಅಂತ ಹೇಳಲು ಬರುವುದಿಲ್ಲ. ಅಂಥ ಕಡೆ 'ಹೇಳಲಾಗದು' ಅಂತ ಬರೆಯಿರಿ. ಅದೂ ಉತ್ತರವೇ.

ಬ್ರೆಜಿಲ್‌ಗೆ ಹೋದರೆ

ಅಲ್ಲಿ ದಾರಿ ಬೇರೆ. 1908ರಲ್ಲಿ ಕಸಾತೊ ಮಾರು ಹಡಗು ಸಾಂತೋಸ್ ಬಂದರಿಗೆ ಬಂದಾಗ ಅದರಲ್ಲಿದ್ದ 781 ಜನ ಗುತ್ತಿಗೆ ಕೂಲಿಗಳಲ್ಲಿ 325 ಜನ ಒಕಿನಾವಾದವರು. ಲಾಟ್ವಿಯಾದವರು 1890ರಿಂದಲೇ ಬರುತ್ತಿದ್ದರು. 1922ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬ್ಯಾಪ್ಟಿಸ್ಟರು ಬಂದು ಸಾವೊ ಪೌಲೊ ರಾಜ್ಯದ ಒಳನಾಡಿನ ಕಾಡು ಕಡಿದು ವಾರ್ಪಾ ಅನ್ನೋ ಊರು ಕಟ್ಟಿದರು. ಲಾಟ್ವಿಯನ್‌ನಲ್ಲಿ ವಾರ್ಪಾ ಅಂದರೆ ತೆನೆ.

ಬ್ರೆಜಿಲ್ ಗಣತಿ ಪೂರ್ವಜರ ಮೂಲ ಕೇಳುವುದಿಲ್ಲ, ಬಣ್ಣ ಅಥವಾ ಜನಾಂಗ ಕೇಳುತ್ತದೆ. ಒಕಿನಾವಾದವರು ಉಳಿದ ಜಪಾನಿಗಳ ಜೊತೆ 'ಹಳದಿ', ಲಾಟ್ವಿಯಾದವರು 'ಬಿಳಿ'. ಹಾಗಾಗಿ ಮನೆತನದ ಹೆಸರಿನಿಂದ ಹುಡುಕಬೇಕು. ಹಿಗಾ, ಒಶಿರೊ, ಅರಕಾಕಿ, ಶಿಮಾಬುಕುರೊ ಅಂದರೆ ಒಕಿನಾವಾ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಲಾಟ್ವಿಯಾದ ಹೆಸರುಗಳು ಪೋರ್ಚುಗೀಸ್ ಗುಮಾಸ್ತರ ಕೈಯಲ್ಲಿ ರೂಪ ಬದಲಾಯಿಸಿರುತ್ತವೆ, ಒಂದೇ ಹೆಸರಿನ ನಾಲ್ಕು ಬರಹ ಹುಡುಕಬೇಕಾಗುತ್ತದೆ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳು, ಅವರ ಮಕ್ಕಳು ಈ ಜರಡಿಯಲ್ಲಿ ಉದುರಿ ಹೋಗುತ್ತಾರೆ ಅನ್ನುವುದನ್ನು ಬರೆದುಕೊಳ್ಳಿ.

ಊರನ್ನು ನೋಡಿ ಸಮುದಾಯವನ್ನು ಅಳೆಯಲೂ ಹೋಗಬೇಡಿ. ವಾರ್ಪಾ ಈಗ ತುಪಾ ಪಟ್ಟಣಕ್ಕೆ ಸೇರಿದ ಸಣ್ಣ ಊರು, ಓದಿದವರು ಪಟ್ಟಣ ಸೇರಿದ್ದಾರೆ. ಅಲ್ಲಿ ಉಳಿದವರ ಆದಾಯ ಕಡಿಮೆ ಬಂದರೆ ಲಾಟ್ವಿಯಾದವರು ಹಿಂದುಳಿದರು ಅಂತ ಅರ್ಥವಲ್ಲ. ಬೊಲಿವಿಯಾದ ಒಕಿನಾವಾ ಕಾಲೊನಿಯಲ್ಲಿ ಇದರ ಉಲ್ಟಾ ನಡೆಯಿತು. 1954ರಲ್ಲಿ ಶುರುವಾದ ಆ ಕಾಲೊನಿಯಲ್ಲಿ ಕುಟುಂಬಕ್ಕೆ 50 ಹೆಕ್ಟೇರ್ ಕೊಟ್ಟರು. ಗೊತ್ತಿಲ್ಲದ ಜ್ವರ ಬಂದು ಜನ ಸತ್ತರು, ನೆರೆ ಬಂತು, ಬಹಳ ಮಂದಿ ಬಿಟ್ಟು ಹೋದರು. ಉಳಿದವರು ಹೋದವರ ಜಮೀನು ಕೊಂಡು ಗೋಧಿ, ಸೋಯಾ ಬೆಳೆದು ದೊಡ್ಡ ಹಿಡುವಳಿದಾರರಾದರು. ಇವತ್ತು ಅಲ್ಲಿಗೆ ಹೋಗಿ ನೋಡಿದವರಿಗೆ ಗೆದ್ದವರಷ್ಟೇ ಕಾಣುತ್ತಾರೆ.

ಪಟ್ಟಿಗೆ ಬಾರದ ದುಡ್ಡು

ಒಕಿನಾವಾದಲ್ಲಿ ಮೊಆಯ್ ಅಂತಾರೆ, ಹವಾಯಿಯಲ್ಲಿ ತಾನೊಮೊಶಿ ಅಂತಿದ್ದರು. ನಮ್ಮ ಚೀಟಿಯೇ. ಹತ್ತಿಪ್ಪತ್ತು ಜನ ತಿಂಗಳಿಗಿಷ್ಟು ಹಾಕುವುದು, ಪ್ರತಿ ತಿಂಗಳು ಒಬ್ಬರು ಎತ್ತುವುದು. ಬ್ಯಾಂಕು ಬಾಗಿಲು ತೆರೆಯದ ಕಾಲದಲ್ಲಿ ಎಷ್ಟೋ ಅಂಗಡಿ, ಹೋಟೆಲುಗಳಿಗೆ ಬಂಡವಾಳ ಬಂದಿದ್ದು ಇದರಿಂದ. ಲಾಟ್ವಿಯಾದವರು ಕೆಲವು ಊರುಗಳಲ್ಲಿ ತಮ್ಮದೇ ಕ್ರೆಡಿಟ್ ಯೂನಿಯನ್ ಕಟ್ಟಿಕೊಂಡರು, ಮಿಷಿಗನ್‌ನ ಥ್ರೀ ರಿವರ್ಸ್ ಹತ್ತಿರ ಗಾರೆಜರ್ಸ್ ಅಂತ ಮಕ್ಕಳ ಬೇಸಿಗೆ ಶಿಬಿರಕ್ಕೆ ಜಾಗ ಮಾಡಿಕೊಂಡರು. ಇದ್ಯಾವುದೂ ಮನೆ ಆದಾಯದ ಅಂಕಿಯಲ್ಲಿ ಇಲ್ಲ. ಸಂಘದ ಹಳೆಯ ಲೆಕ್ಕಪುಸ್ತಕ, ಹಿರಿಯರ ನೆನಪು, ಇವುಗಳಿಂದಲೇ ತೆಗೆಯಬೇಕು. ಹಿರಿಯರ ಹತ್ತಿರ ಹೋದಾಗ ಸಂಬಳ ಎಷ್ಟಿತ್ತು ಅಂತ ಕೇಳಬೇಡಿ, ಮೊದಲ ಚೀಟಿ ಎತ್ತಿದ ದುಡ್ಡಲ್ಲಿ ಏನು ಮಾಡಿದಿರಿ ಅಂತ ಕೇಳಿ.

ಕೊಟ್ಟಿದ್ದನ್ನೂ ಬರೆದುಕೊಳ್ಳಿ. 1945ರ ಯುದ್ಧದಲ್ಲಿ ಒಕಿನಾವಾ ಸುಟ್ಟು ಹೋಗಿತ್ತು, ಹಂದಿಗಳೂ ಉಳಿದಿರಲಿಲ್ಲ. ಹವಾಯಿಯ ಒಕಿನಾವಾದವರು ಸುಮಾರು 50,000 ಡಾಲರ್ ಕೂಡಿಸಿದರು, ಪೋರ್ಟ್‌ಲ್ಯಾಂಡ್ ಬಂದರಿನಿಂದ 550 ಹಂದಿಗಳನ್ನು ಹಡಗಿಗೆ ಹತ್ತಿಸಿದರು, ನೋಡಿಕೊಳ್ಳಲು ಏಳು ಜನ ಜೊತೆಗೆ ಹೋದರು, ಬಿರುಗಾಳಿ ದಾಟಿ 1948ರ ಸೆಪ್ಟೆಂಬರ್‌ನಲ್ಲಿ ತಲುಪಿಸಿದರು. ಮುಸುರೆ ಹೊತ್ತು ಉಳಿಸಿದ ಕಾಸೂ ಅದರಲ್ಲಿತ್ತು. ನಿಮ್ಮ ಪಟ್ಟಿಯಲ್ಲಿ ಆ ವರ್ಷದ ಉಳಿತಾಯ ಕಡಿಮೆ ಕಂಡರೆ, ಪಕ್ಕದಲ್ಲಿ ಈ ಹಡಗನ್ನೂ ಬರೆಯಿರಿ.