ಚಾ ಹುಡಿಯ ಕವರ್ ಒಲೆಗೆ ಹಾಕುವ ಮೊದಲು

ನಕಲಿ ಹೆಸರು, ಸುಳ್ಳು ಲೇಬಲ್ ಕಂಡರೆ ಏನು ಮಾಡಬೇಕು? ಯಾರ ಹತ್ತಿರ ಹೋಗಬೇಕು?

ಕಳೆದ ಮಳೆಗಾಲದ ಮಾತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಮನೆಯಲ್ಲಿ ಚಾ ಹುಡಿ ಮುಗಿದದ್ದು ನೆನಪಾಯಿತು. ಅಲ್ಲೇ ಒಂದು ಅಂಗಡಿಯಲ್ಲಿ ಅರ್ಧ ಕೆ.ಜಿ. ಪ್ಯಾಕೆಟ್ ತೆಗೆದುಕೊಂಡೆ. ಅದೇ ಕೆಂಪು ಬಣ್ಣ, ಅದೇ ಎಲೆಯ ಚಿತ್ರ, ಅದೇ ದಪ್ಪ ಅಕ್ಷರ. ಅಮ್ಮ ಚಾ ಮಾಡಿ ಒಂದು ಗುಟುಕು ಕುಡಿದವರೇ, "ಎಂಥ ಹುಡಿ ತಂದದ್ದು ನೀನು? ಇದು ನಮ್ಮದಲ್ಲ" ಅಂದರು. ಕನ್ನಡಕ ಹಾಕಿ ನೋಡಿದರೆ ಹೆಸರಿನ ನಡುವೆ ಒಂದು ಅಕ್ಷರ ಬೇರೆ.

ಎರಡು ದಿನ ಬಿಟ್ಟು ಅಂಗಡಿಗೆ ಹೋಗಿ ಕೇಳಿದೆ. "ಅದು ಅದೇ ಕಂಪೆನಿದು ಮಾರಾಯ್ರೆ, ಪ್ಯಾಕಿಂಗ್ ಮಾತ್ರ ಹೊಸತು" ಎಂಬ ಉತ್ತರ ಬಂತು. ಸರಿ, ದೂರು ಕೊಡುವ ಎಂದು ಹೊರಟರೆ ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಕವರ್ ಉಂಟಾ?" ಇರಲಿಲ್ಲ. ಹುಡಿ ಡಬ್ಬಕ್ಕೆ ಹೋಗಿತ್ತು, ಕವರ್ ಬಚ್ಚಲ ಒಲೆಗೆ ಹೋಗಿತ್ತು. ಬಿಲ್ಲನ್ನು ನಾನು ಕೇಳಿಯೇ ಇರಲಿಲ್ಲ. ಕೇಸು ಅಲ್ಲಿಗೆ ಮುಗಿಯಿತು.

ಇಂಥ ಮೋಸಕ್ಕೆ ನಮ್ಮಲ್ಲಿ ಕಾನೂನು ಕಡಿಮೆ ಇಲ್ಲ, ಜಾಸ್ತಿಯೇ ಇದೆ. ಅದೇ ತೊಂದರೆ. ಹೆಸರಿನ ಸುಳ್ಳಿಗೆ ಒಂದು ಕಾಯ್ದೆ, ತೂಕದ ಸುಳ್ಳಿಗೆ ಇನ್ನೊಂದು, ಆಹಾರಕ್ಕೆ ಮತ್ತೊಂದು. ತಪ್ಪಿದ ಕಚೇರಿಗೆ ಹೋದರೆ ಅರ್ಧ ದಿನ ರಜೆ ಹಾಳು.

ಮೊದಲು: ಕವರ್, ಬಿಲ್, ಫೋಟೊ

ಅನುಮಾನ ಬಂದ ಕೂಡಲೇ ಪ್ಯಾಕೆಟ್ಟಿನ ಎಲ್ಲ ಬದಿಯ ಫೋಟೊ ತೆಗೆಯಿರಿ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಎಂಆರ್‌ಪಿ, ವಿಳಾಸ ಇಷ್ಟೂ ಸ್ಪಷ್ಟವಾಗಿ ಕಾಣಬೇಕು. ಅರ್ಧ ಬಳಸಿದ್ದರೂ ಚಿಂತಿಲ್ಲ, ಉಳಿದದ್ದನ್ನು ಅದೇ ಕವರಿನಲ್ಲಿ ಕಟ್ಟಿಡಿ. ಬಿಲ್ ಇಲ್ಲವೇ? ಗೂಗಲ್ ಪೇ, ಫೋನ್ ಪೇ ಮಾಡಿದ ದಾಖಲೆಯಾದರೂ ಇರುತ್ತದಲ್ವಾ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಾಧ್ಯವಾದರೆ ಅಸಲಿ ಪ್ಯಾಕೆಟ್ ಒಂದನ್ನು ಪಕ್ಕದಲ್ಲಿಟ್ಟು ಇನ್ನೊಂದು ಫೋಟೊ. ಪೊಲೀಸರಿಗೂ ಗ್ರಾಹಕರ ಆಯೋಗಕ್ಕೂ ಇದು ಹತ್ತು ವಾಕ್ಯಕ್ಕಿಂತ ಬೇಗ ಅರ್ಥವಾಗುತ್ತದೆ.

ಆಮೇಲೆ: ಸುಳ್ಳು ಯಾವ ಬಗೆಯದ್ದು?

ನನ್ನ ಚಾ ಹುಡಿಯದ್ದು ಹೆಸರಿನ ಸುಳ್ಳು. ಇದಕ್ಕೆ ಇರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಬೇರೆಯವರ ಗುರುತನ್ನು ಹಾಗೆಯೇ ಕದ್ದರೆ ಮಾತ್ರ ತಪ್ಪು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಗಿರಾಕಿ ಮೋಸಹೋಗುವಷ್ಟು ಹೋಲುವ ಗುರುತು ಹಾಕಿದರೂ ಅದು ನಕಲಿಯೇ. ಎಷ್ಟು ಹೋಲಿದರೆ ಮೋಸ? ಅಮೃತಧಾರಾ ಎಂಬ ಔಷಧಿಯವರು ಲಕ್ಷ್ಮಣಧಾರಾ ಎಂಬ ಹೆಸರಿಗೆ ತಕರಾರು ಎತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಎರಡು ಬಾಟಲಿಯನ್ನು ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಲ್ಲ. ಸಾಮಾನ್ಯ ಬುದ್ಧಿಯ, ಅರ್ಧಂಬರ್ಧ ನೆನಪಿನ ಗಿರಾಕಿಗೆ ಏನನಿಸುತ್ತದೆ ಎಂದು ನೋಡಬೇಕು. ಬಸ್ಸು ಬರುವ ಗಡಿಬಿಡಿಯಲ್ಲಿ ಚಾ ಹುಡಿ ಕೊಂಡ ನನ್ನಂಥವನಿಗೇ ಈ ಮಾತು ಹೇಳಿದ ಹಾಗಿದೆ.

ಹೆಸರು ಹೋಲಿದ ಕೂಡಲೇ ಎಲ್ಲವೂ ಮೋಸವಲ್ಲ ಎನ್ನುವುದಕ್ಕೂ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಹಾಲಿನ 'ನಂದಿನಿ'ಯ ಕೆಎಂಎಫ್‌ಗೂ ನಂದಿನಿ ಡೀಲಕ್ಸ್ ಹೋಟೆಲಿನವರಿಗೂ ವರ್ಷಗಟ್ಟಲೆ ಜಗಳ ನಡೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಚಿತ್ರ ಬೇರೆ, ಅಕ್ಷರದ ರೀತಿ ಬೇರೆ, ಮಾರುವ ವಸ್ತುವೂ ಬೇರೆ, ಜನ ಗೊಂದಲಕ್ಕೆ ಬೀಳುವುದಿಲ್ಲ ಎಂದಿತು. ಹಾಲು ಮತ್ತು ಹಾಲಿನ ಉತ್ಪನ್ನಕ್ಕೆ ಮಾತ್ರ ಹೋಟೆಲಿನವರು ಆ ಹೆಸರಿನ ನೋಂದಣಿ ಕೇಳುವ ಹಾಗಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೊಂದು ಮಾತು ಇದೆ, ಟ್ರೇಡ್ ಡಿಸ್ಕ್ರಿಪ್ಷನ್. ಅಂದರೆ ವಸ್ತುವಿನ ಬಗ್ಗೆ ಲೇಬಲ್ ಹೇಳುವ ವಿವರ. ತೂಕ, ಗುಣಮಟ್ಟ, ಯಾವ ಊರಿನದ್ದು, ಯಾವಾಗ ತಯಾರಾದದ್ದು, ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು ಎಲ್ಲವೂ ಅದರಲ್ಲಿ ಸೇರುತ್ತದೆ. ಪಾಲಿಯೆಸ್ಟರ್ ಸೀರೆಗೆ 'ಶುದ್ಧ ಹತ್ತಿ' ಎಂದು ಚೀಟಿ ಅಂಟಿಸಿದರೆ ಯಾರ ಬ್ರ್ಯಾಂಡನ್ನೂ ಕದ್ದಂತಾಗಲಿಲ್ಲ, ಆದರೂ ಅಪರಾಧ. ಶಿಕ್ಷೆ ಎರಡಕ್ಕೂ ಒಂದೇ: ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಅಂಟಿಸಿದವನಿಗೆ ಮಾತ್ರವಲ್ಲ, ಮಾರಿದವನಿಗೂ.

ಹೆಸರು ಒತ್ತುವ ಅಭ್ಯಾಸ ನಮ್ಮ ಊರಿಗೆ ಹಳೆಯದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅಜ್ಜನ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿ ನೋಡಿ, ಕಂಪೆನಿಯ ಹೆಸರು ಅಚ್ಚಾಗಿರುತ್ತದೆ. ಸರಕಿನ ಮೇಲಿನ ಸುಳ್ಳು ಗುರುತಿಗೆ ಬ್ರಿಟಿಷರು ಇಲ್ಲಿ ಪ್ರತ್ಯೇಕ ಕಾಯ್ದೆ ತಂದದ್ದು 1889ರಲ್ಲಿ. ಹಂಚಿನ ಅಚ್ಚು ಅದಕ್ಕಿಂತ ಹಿರಿಯದು.

ಊರಿನ ಹೆಸರಿನ ಸುಳ್ಳು: ಗುಳ್ಳದ ಕತೆ

ಉಡುಪಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಬೆಳೆಯುವ ಗುಳ್ಳ, ವಾದಿರಾಜರು ಬೀಜ ಕೊಟ್ಟದ್ದು ಎಂಬ ನಂಬಿಕೆಯ ಬದನೆ. ಉರುಟು, ತಿಳಿ ಹಸಿರು, ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಹುಳಿಗೆ ಹಾಕಿದರೆ ಬೇಗ ಬೇಯುತ್ತದೆ. ಬೆಲೆ ಮಾತ್ರ ಬೇರೆ ಬದನೆಗಿಂತ ಜಾಸ್ತಿ. ಹಾಗಾಗಿ ಎಲ್ಲೆಲ್ಲಿಯದೋ ಉರುಟು ಬದನೆಯನ್ನು ರಾಶಿ ಹಾಕಿ "ಮಟ್ಟುಗುಳ್ಳ, ಮಟ್ಟುಗುಳ್ಳ" ಎಂದು ಕೂಗುವವರಿಗೆ ಕೊರತೆಯಿಲ್ಲ.

2011ರಲ್ಲಿ ಮಟ್ಟುಗುಳ್ಳಕ್ಕೆ ಜಿಐ, ಅಂದರೆ ಇಂಥ ಊರಿನದ್ದು ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಉಡುಪಿ ಮಲ್ಲಿಗೆಗೂ ಇದೆ. ಜಿಐ ಯಾವುದೋ ಒಬ್ಬನ ಸೊತ್ತಲ್ಲ, ಇಡೀ ಊರಿನ ಬೆಳೆಗಾರರದ್ದು. ಬೇರೆ ಕಡೆಯ ಗುಳ್ಳವನ್ನು ಮಟ್ಟುವಿನದ್ದು ಎಂದು ಮಾರಿದರೆ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿರುವಷ್ಟೇ ಶಿಕ್ಷೆ ಜಿಐ ಕಾಯ್ದೆಯಲ್ಲೂ ಇದೆ. ಬೆಳೆಗಾರರು ಗುಳ್ಳದ ಮೇಲೆ ಸ್ಟಿಕ್ಕರ್ ಅಂಟಿಸುವುದು ಇದಕ್ಕಾಗಿಯೇ. ಮುಂದಿನ ಸಲ ತೂಗಿಸುವ ಮೊದಲು ಸ್ಟಿಕ್ಕರ್ ಕೇಳಿ ನೋಡಿ. ಮಾರುವವರ ಮುಖವೇ ಅರ್ಧ ಉತ್ತರ ಹೇಳುತ್ತದೆ.

ಪ್ಯಾಕೆಟ್ ಓದುವ ಕ್ರಮ

ಮುಂಭಾಗ ಕಂಪೆನಿಯದ್ದು, ಹಿಂಭಾಗ ನಮ್ಮದು. ನಾನು ಹೀಗೆ ಹೇಳುವುದು ಸುಮ್ನೆ ಅಲ್ಲ. ಸಣ್ಣ ಅಕ್ಷರದ ಪಟ್ಟಿಯಲ್ಲಿ ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಸಿ ಬರೆಯಬೇಕು ಎಂಬ ನಿಯಮ ಇದೆ. 'ತುಪ್ಪದ ಬಿಸ್ಕೆಟ್' ಎಂದು ಮುಂದೆ ಬರೆದು ತುಪ್ಪದ ಚಿತ್ರ ಹಾಕಿದರೆ, ತುಪ್ಪ ಶೇಕಡಾ ಎಷ್ಟು ಎಂದು ಹಿಂದೆ ಹೇಳಲೇಬೇಕು. ಹುಡುಕಿ ಓದಿ, ಕೆಲವು ಸಲ ನಗು ಬರುತ್ತದೆ. ಹಣ್ಣಿನ ರಸದ ಪ್ಯಾಕೆಟ್ ಮೇಲಿನ '100 ಶೇಕಡಾ ಹಣ್ಣಿನ ರಸ' ಎಂಬ ಮಾತನ್ನು ತೆಗೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತ್ತು.

ಆಹಾರದ ಪ್ಯಾಕೆಟ್ಟಿನಲ್ಲಿ ಇದೇ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನ ಲೈಸೆನ್ಸ್ ಎಂದು ತಿಳಿಯುತ್ತದೆ. ಪ್ಯಾಕೆಟ್ಟಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬಿದ್ದಂತೆ.

ಇನ್ನು ಎಂಆರ್‌ಪಿ ಮೇಲೆ ಸ್ಟಿಕ್ಕರ್. ಬೆಲೆ ಇಳಿಸಲು ಸ್ಟಿಕ್ಕರ್ ಹಾಕಬಹುದು, ಆದರೆ ಹಳೆಯ ಬೆಲೆಯನ್ನು ಮುಚ್ಚುವಂತಿಲ್ಲ. ಬೆಲೆ ಏರಿಸಲು ಹಾಕುವಂತೆಯೇ ಇಲ್ಲ. ಉಗುರಿನಲ್ಲಿ ಕೆರೆದು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಐಎಸ್‌ಐ, ಹಾಲ್‌ಮಾರ್ಕ್

ಪ್ಲಗ್, ವೈರ್, ಇಸ್ತ್ರಿಪೆಟ್ಟಿಗೆ, ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಎಂಬ ಮೂರು ಅಕ್ಷರ ನೋಡಿ ತೃಪ್ತಿಪಡಬೇಡಿ. ಗುರುತಿನ ಮೇಲೆ ಐಎಸ್ ನಂಬರ್, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ನಕಲಿ ಮಾಡುವವರು ಚಿತ್ರ ಹಾಕಿ ನಂಬರ್ ಬಿಡುತ್ತಾರೆ, ಇಲ್ಲವೇ ಯಾರದೋ ನಂಬರ್ ಹಾಕುತ್ತಾರೆ. ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) 'ಬಿಐಎಸ್ ಕೇರ್' ಆ್ಯಪ್ ಮೊಬೈಲಿನಲ್ಲಿ ತೆರೆದು ಆ ನಂಬರ್ ಹಾಕಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಚಿನ್ನಕ್ಕೂ ಅದೇ ಆ್ಯಪ್. ಒಡವೆಯ ಮೇಲೆ ಬಿಐಎಸ್ ಗುರುತು, ಶುದ್ಧತೆ (22 ಕ್ಯಾರೆಟ್‌ಗೆ 916), ಮತ್ತು 6 ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಗೆ ಮಾತ್ರ ಕೊಟ್ಟ ಗುರುತಿನ ಸಂಖ್ಯೆ) ಈ ಮೂರು ಇರಬೇಕು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅಂಗಡಿಯವರು 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇಟ್ಟಿರಬೇಕು, ಸಂಕೋಚಪಡದೆ ಕೇಳಿ. ಮದುವೆಗೆ ಲಕ್ಷಗಟ್ಟಲೆ ಕೊಡುವವರು ಇದಕ್ಕೆ ಯಾಕೆ ನಾಚಬೇಕು?

ದೂರು ಎಲ್ಲಿಗೆ?

ತೂಕ ಕಡಿಮೆ, ಎಂಆರ್‌ಪಿ ತಿದ್ದಿದ್ದು, ವಿಳಾಸವೇ ಇಲ್ಲದ್ದು: ಕಾನೂನು ಮಾಪನಶಾಸ್ತ್ರ ಇಲಾಖೆ. ಆಹಾರದ ಲೇಬಲ್: ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿ. ತಪ್ಪು ಲೇಬಲ್‌ಗೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷದವರೆಗೆ ದಂಡ ಇದೆ. ಐಎಸ್‌ಐ, ಹಾಲ್‌ಮಾರ್ಕ್: ಬಿಐಎಸ್ ಆ್ಯಪ್‌ನಲ್ಲೇ ದೂರು ಹಾಕಬಹುದು. ಔಷಧಿಯಾದರೆ ಔಷಧ ನಿಯಂತ್ರಣ ಇಲಾಖೆ.

ಬ್ರ್ಯಾಂಡ್ ನಕಲಿಗೆ ಪೊಲೀಸರ ಬಳಿ ಹೋಗಬಹುದು, ಆದರೆ ಒಂದು ಗಂಟು ಇದೆ. ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ವಾರಂಟ್ ಇಲ್ಲದೆ ಹುಡುಕಿ ಮಾಲು ಹಿಡಿಯಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಬೇಕು, ಮಂಗಳೂರು ನಗರದಲ್ಲಿ ಎಸಿಪಿ ಎನ್ನಿ. ಅದಕ್ಕೂ ಮೊದಲು ಅವರು ಟ್ರೇಡ್ ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಪ್ಯಾಕೆಟ್ಟಿನ ಚಿತ್ರವನ್ನೇ ಕದ್ದಿದ್ದರೆ ಕಾಪಿರೈಟ್ ಕಾಯ್ದೆಯೂ ಅನ್ವಯಿಸುತ್ತದೆ. ಅದರಲ್ಲಿ ಎಸ್‌ಐ ದರ್ಜೆಯವರೇ ಮಾಲು ಹಿಡಿಯಬಹುದು. ಗಿರಾಕಿಗಳಾದ ನಾವು ಅಸಲಿ ಕಂಪೆನಿಯ ಗ್ರಾಹಕ ಸೇವೆಗೆ ಫೋಟೊ ಕಳಿಸುವುದೇ ಎಷ್ಟೋ ಸಲ ಬೇಗ ಕೆಲಸ ಮಾಡುತ್ತದೆ. ಅವರಿಗೆ ವಕೀಲರೂ ಇದ್ದಾರೆ, ಸಿಟ್ಟೂ ಇರುತ್ತದೆ.

ನಿಮ್ಮ ಹಣ ವಾಪಸ್ ಬೇಕಾದರೆ ದಾರಿ ಬೇರೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪೆನಿಗೆ ದಾಟಿಸುತ್ತಾರೆ, ತೀರ್ಪು ಕೊಡುವುದಿಲ್ಲ. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೋಸಗಾರ ದಿಲ್ಲಿಯಲ್ಲಿದ್ದರೂ ಸರಿ, ನೀವು ಉಡುಪಿಯಲ್ಲೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದ ಒಳಗೆ ಹೋಗಬೇಕು. ಗ್ರಾಹಕರ ಪರ ಹೋರಾಡಿದ ಬಸ್ರೂರಿನ ಬಳಕೆದಾರರ ವೇದಿಕೆಯ ಹೆಸರು ಕೇಳಿ ಬೆಳೆದ ಜಿಲ್ಲೆಯವರು ನಾವು, ಇದಕ್ಕೆ ಹೆದರಬೇಕಾಗಿಲ್ಲ.

ಅಂಗಡಿಯವರಿಗೆ ಒಂದು ಮಾತು

ನಕಲಿ ಮಾಲು ಎಂದು ಗೊತ್ತಿಲ್ಲದೆ ಮಾರಿದ್ದರೆ ಬಚಾವಾಗಲು ಅವಕಾಶ ಇದೆ. ಆದರೆ ಎಚ್ಚರ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ, ಮಾಲು ಕೊಟ್ಟವರು ಇಂಥವರು ಎಂದು ನೀವು ತೋರಿಸಬೇಕು. ಲೈನ್‌ಗೆ ಬರುವ ವ್ಯಾನಿನವನಿಂದ ಬಿಲ್ ಇಲ್ಲದೆ ಅಗ್ಗಕ್ಕೆ ತೆಗೆದುಕೊಂಡರೆ ಏನು ತೋರಿಸುತ್ತೀರಿ?

ನಿಮ್ಮದೇ ಹೆಸರಿದ್ದರೆ

ಕಾರ್ಕಳದಲ್ಲಿ ನನ್ನ ಚಿಕ್ಕಮ್ಮ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. "ನನ್ನ ಹೆಸರನ್ನು ಯಾರು ಕದಿಯುತ್ತಾರೆ ಮಗಾ?" ಎಂದು ನಗುತ್ತಾರೆ. ಹೆಸರೂ ಆಸ್ತಿಯೇ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನ ತೆರಿಗೆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಟ್ರೇಡ್ ಮಾರ್ಕನ್ನೂ ಯಂತ್ರೋಪಕರಣದ ಸಾಲಿಗೇ ಸೇರಿಸಿ ಅದಕ್ಕೂ ಸವಕಳಿ (ವರ್ಷವರ್ಷ ಇಳಿಯುವ ಬೆಲೆಯ) ಲೆಕ್ಕ ಒಪ್ಪಿತು.

ನೋಂದಣಿ ಕಷ್ಟವೇನಿಲ್ಲ. ಮೊದಲು ಟ್ರೇಡ್ ಮಾರ್ಕ್ ಜಾಲತಾಣದಲ್ಲಿ ಅದೇ ಹೆಸರು ಬೇರೆಯವರ ಬಳಿ ಇದೆಯೇ ಎಂದು ಹುಡುಕಿ, ಇದು ಉಚಿತ. ವಸ್ತುಗಳನ್ನೂ ಸೇವೆಗಳನ್ನೂ 45 ವರ್ಗ ಮಾಡಿದ್ದಾರೆ. ಉಪ್ಪಿನಕಾಯಿ 29ನೇ ವರ್ಗ, ಚಾ-ಕಾಫಿ 30ನೇ ವರ್ಗ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ 4,500 ರೂಪಾಯಿ. ಕರ್ನಾಟಕಕ್ಕೆ ಚೆನ್ನೈ ಕಚೇರಿ. ಅರ್ಜಿ ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. 'ಉಡುಪಿ ಉಪ್ಪಿನಕಾಯಿ' ಎಂದಷ್ಟೇ ಕೇಳಿದರೆ ಸಿಗುವುದು ಕಷ್ಟ. ಊರಿನ ಹೆಸರು ಯಾರೊಬ್ಬರದ್ದೂ ಅಲ್ಲ, ಇಲ್ಲದಿದ್ದರೆ ಅರ್ಧ ದೇಶದ ಹೋಟೆಲಿನವರು ಬೋರ್ಡ್ ಇಳಿಸಬೇಕಾಗುತ್ತಿತ್ತು.

ಹೆಸರಿನ ಪಕ್ಕ 'ಟಿಎಂ' ಎಂದು ಈಗಲೇ ಬರೆಯಬಹುದು. ವೃತ್ತದೊಳಗಿನ ಆರ್ ಅಕ್ಷರ ಮಾತ್ರ ನೋಂದಣಿಯಾದ ಮೇಲೆಯೇ, ಅದಕ್ಕೂ ಮೊದಲು ಹಾಕುವುದು ಕಾನೂನಿಗೆ ವಿರುದ್ಧ. ಕವರ್ ಪ್ರಿಂಟಿಗೆ ಕೊಡುವಾಗ ಪ್ರೆಸ್ಸಿನವರಿಗೆ ಇದನ್ನು ಒತ್ತಿ ಹೇಳಿ. ಚಂದ ಕಾಣುತ್ತದೆ ಎಂದು ಅವರೇ ಸೇರಿಸಿಬಿಡುತ್ತಾರೆ.