ಬೆಂಕಿ ಬಿದ್ದ ಅಕೇಶಿಯಾ ತೋಪು: ಕಡಿದದ್ದೆಷ್ಟು, ಬಿಟ್ಟದ್ದೆಷ್ಟು

ಸುಟ್ಟ ತೋಪು ನೋಡಲು ಬಂದ ವ್ಯಾಪಾರಿಗಳೆಲ್ಲ ಹೇಳಿದ್ದು ಒಂದೇ: ಪೂರ್ತಿ ಬೋಳಿಸಿ, ಜೆಸಿಬಿ ಹಾಯಿಸಿ, ಹೊಸದಾಗಿ ನೆಡಿ. ಮಲೆನಾಡಿನ ಆ 3 ಎಕರೆ ಇಳಿಜಾರಿನಲ್ಲಿ ಈಗ 4ನೇ ಮಳೆಗಾಲ ಮುಗಿದಿದೆ. ಸತ್ತ ಮರವನ್ನಷ್ಟೇ ಕಡಿದೆ, ಒಂದು ಸಸಿಯನ್ನೂ ಕೊಂಡಿಲ್ಲ. ಅಕೇಶಿಯಾದ ಅಡಿಯಲ್ಲಿ ಅಡಗಿದ್ದ ಕಾಡುಮರಗಳಾದ ಮತ್ತಿ, ಹೊನ್ನೆ, ಕೌಲು ಆಳೆತ್ತರ ದಾಟಿವೆ.

ಎಲೆ ಕೆಂಪಾಯಿತೆಂದು ಕಡಿಯಲು ಗುರುತು ಹಾಕಬೇಡಿ. ಶಿವರಾತ್ರಿ ಹೊತ್ತಿಗೆ ಬಿದ್ದ ಬೆಂಕಿಗೆ ಯುಗಾದಿ ಕಳೆದ ಮೇಲೆ ಗುರುತು ಹಾಕಿದೆ. ಮಣ್ಣಿನಿಂದ ಗೇಣೆತ್ತರದಲ್ಲಿ, ನಾಲ್ಕೂ ದಿಕ್ಕಿಗೆ, ಬೆಂಕಿಪೊಟ್ಟಣದಷ್ಟು ತೊಗಟೆ ಎತ್ತಿ ನೋಡಬೇಕು. ಒಳಪದರ ಬಿಳಿಯಾಗಿ ಹಸಿಯಿದ್ದರೆ ಜೀವವಿದೆ. ಕಂದಾಗಿ ಹುಳಿನಾತ ಹೊಡೆದರೆ ಹೋಯಿತು. 3 ಕಡೆ ಸತ್ತದ್ದಕ್ಕೆ ಮಾತ್ರ ಸುಣ್ಣದ ಪಟ್ಟೆ. ಮೊದಲು ಎದೆಮಟ್ಟದಲ್ಲಿ ನೋಡಿ ಬಿಟ್ಟಿದ್ದ 30ರಷ್ಟು ಮರ ಆರಿದ್ರಾ ಮಳೆಯ ಗಾಳಿಗೆ ಉರುಳಿದವು. ಇಳಿಜಾರಿನ ಮೇಲ್ಬದಿಗೆ ದರಗು ದಪ್ಪ ಕೂತಿರುತ್ತದೆ, ಬುಡ ಬೇಯುವುದು ಅಲ್ಲೇ. ಮತ್ತಿ, ಕೌಲು ಕರಿಯಾಗಿ ನಿಂತಿದ್ದರೂ ಮುಟ್ಟಲಿಲ್ಲ, ಅವುಗಳ ತೊಗಟೆ ದಪ್ಪ.

ದುಡ್ಡಿನ ಮಾತು. ಕರಿ ಸೇರಿದ ತೊಗಟೆಗೆ ಗರಗಸದ ಚೈನು ಬೇಗ ಮೊಂಡಾಗುತ್ತದೆ, ಅರದ ಖರ್ಚು ಬೇರೆ ಬರೆದಿಡಿ. ಕಾಗದದ ಪಲ್ಪ್‌ಗೆ ಒಯ್ಯುವವರು ಕರಿ ಇರುವ ದಿಮ್ಮಿ ಮುಟ್ಟುವುದಿಲ್ಲ, ಹೆರೆದೇ ಕೊಡಬೇಕು: ಟನ್ನಿಗೆ 500-600 ಕೂಲಿ ಬಿತ್ತು. ಮಾರುವುದು ತೂಕಕ್ಕೆ. 20 ದಿನ ಬಿಸಿಲಿಗೆ ಬಿದ್ದ ಮೊದಲ ಲೋಡು 11 ಟನ್ನೆಂದು ಅಂದಾಜಿಸಿದ್ದು 9 ಕೂಡ ತೂಗಲಿಲ್ಲ. ಆಮೇಲೆ ಲಾರಿ ಗೊತ್ತುಮಾಡದೆ ಗರಗಸ ಹಿಡಿಯಲಿಲ್ಲ. ಖರ್ಚು ಕಳೆದು ಎಕರೆಗೆ 40,000 ಆಸುಪಾಸು ಉಳಿಯಿತು. ಬೋಳಿಸಿದ್ದರೆ ದುಪ್ಪಟ್ಟು ಬರುತ್ತಿತ್ತು, ಒಪ್ಪುತ್ತೇನೆ. ಜೆಸಿಬಿ, ಸಸಿ, ಬೇಲಿ ಸೇರಿಸಿ ಲೆಕ್ಕ ಹಾಕಿ ನೋಡಿ.

ಟ್ರ್ಯಾಕ್ಟರಿಗೆ ಒಂದೇ ದಾರಿ, ಉಳಿದದ್ದು ಹಗ್ಗದಲ್ಲಿ ಎಳೆದದ್ದು. ರೋಹಿಣಿ ಮಳೆಗೆ ಮೊದಲೇ ಕೆಲಸ ಮುಗಿಸಿ. ಒದ್ದೆ ನೆಲದಲ್ಲಿ ಬಿದ್ದ ಚಕ್ರದ ಜಾಡು ಮರುವರ್ಷ ಕೊರಕಲಾಗುತ್ತದೆ. ರೆಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ, 10 ಅಡಿಗೊಂದು ಸಾಲಿನಂತೆ ಹಾಕಿ ತುಳಿಸಿದೆ. ನೆಲಕ್ಕೆ ತಾಗದ ಸಾಲು ಇದ್ದೂ ಇಲ್ಲದಂತೆ, ಬೂದಿಯೆಲ್ಲ ಅಡಿಯಿಂದಲೇ ತೊಳೆದು ಹೋಗುತ್ತದೆ.

ನಿಜವಾದ ತಲೆನೋವು ಅಕೇಶಿಯಾ ಸಸಿ. ಬಿಸಿ ತಾಗಿದ ಬೀಜ ಮೊದಲ ಮಳೆಗೇ ರಾಗಿ ಚೆಲ್ಲಿದಂತೆ ಮೊಳೆಯಿತು. ಶ್ರಾವಣದಲ್ಲಿ, ಗೇಣುದ್ದ ಇರುವಾಗ, ಕೈಯಲ್ಲೇ ಬೇರುಸಹಿತ ಬರುತ್ತವೆ. ದೀಪಾವಳಿಗೆಂದು ಮುಂದೂಡಿದ ಅರ್ಧ ಎಕರೆಗೆ ಕತ್ತಿ ಬೇಕಾಯಿತು, ಕೂಲಿ 3 ಪಟ್ಟು.

ಬೂದಿ ನೆಲಕ್ಕೆ ಹುರುಳಿ ಎರಚಿಯೂ ನೋಡಿದೆ, ಮಣ್ಣು ಹಿಡಿಯಲೆಂದು. ನವಿಲುಗಳಿಗೆ ಹಬ್ಬವಾಯಿತು. ಸತ್ತ ಮರಗಳಲ್ಲಿ ಎಕರೆಗೆ 5-6ನ್ನು ದಾರಿಯಿಂದ ದೂರ ನಿಲ್ಲಿಸಿದ್ದು ಫಲ ಕೊಟ್ಟಿತು: ಕುಟುರ, ಪಿಕಳಾರಗಳು ಕೂತು ಉದುರಿಸಿದ ಬೀಜದಿಂದ ಕಾಡುಗಿಡ ಎದ್ದಿವೆ. ಲಂಟಾನವೂ ಎದ್ದಿದೆ, ಅದನ್ನು ಹೂ ಬಿಡುವ ಮೊದಲು ಕೀಳಬೇಕು.

ಹೊನ್ನೆ ಬುಡದಲ್ಲಿ 6-7 ಚಿಗುರು ಬರುತ್ತವೆ. ಮಣ್ಣಿಗೆ ಹತ್ತಿರದ 2 ಇಟ್ಟು ಉಳಿದದ್ದನ್ನು ಸವರಿ. ಮೇಲಿನದು ಗಾಳಿಗೆ ಸೀಳಿ ಬೀಳುತ್ತದೆ. ದನ ಬಾಯಿ ಹಾಕದಂತೆ ಚಿಗುರಿಗೆ ಹಚ್ಚುವ ಪಾಕ ಮಾತ್ರ ಕೇಳಬೇಡಿ, ಸಗಣಿ ಅದರಲ್ಲಿ ಅರ್ಧ ಎಂದಷ್ಟೇ ಹೇಳಬಲ್ಲೆ.